ಅಂಟಿನ ಆವಿ

ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ನಮ್ಮ ಕಾಸರಗೋಡಿನಲ್ಲಿ ಒಟ್ಟೊಟ್ಟಿಗೆ. ಬಾರು ಕಿತ್ತ ಚಪ್ಪಲಿ, ಅಟ್ಟೆ ಬಿಟ್ಟ ಬೂಟು, ಹರಿದ ಚೀಲಗಳೆಲ್ಲ ರಸ್ತೆ ಬದಿಯ ಚರ್ಮದ ಕೆಲಸಗಾರರ ಮುಂದೆ ರಾಶಿ ಬೀಳುವ ಕಾಲವದು. ಅವರಿಗೆ ಅದು ಸಂಪಾದನೆಯ ಕಾಲವಾದಂತೆಯೇ ಅಪಾಯದ ಕಾಲವೂ ಹೌದೆಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ರಂಪಿಗೆ ತಾಗಿ ಕೈ ಕೊಯ್ದರೆ ರಕ್ತ ಕಾಣುತ್ತದೆ; ಬಟ್ಟೆ ಸುತ್ತುತ್ತಾರೆ. ಅಂಟು ಹಾಗಲ್ಲ. 'ಸೊಲ್ಯೂಷನ್' ಎಂದು ಕರೆಯುವ ಅಂಟಿನಲ್ಲಿ ಬೆರೆಸುವ ಹೆಕ್ಸೇನ್, ಟೊಲುವೀನ್, ಕೆಲವೊಮ್ಮೆ ಬೆಂಜೀನ್ ಮುಂತಾದ ದ್ರಾವಕಗಳು ಡಬ್ಬಿ ತೆರೆದೊಡನೆ ಆವಿಯಾಗತೊಡಗುತ್ತವೆ. ಈ ಆವಿ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲೇ ತಂಗುತ್ತದೆ. ನೆಲದಲ್ಲಿ ಕುಳಿತು ಬಗ್ಗಿ ದುಡಿಯುವವರ ಮೂಗು ಇರುವುದೂ ಅಲ್ಲೇ! ಬಯಲಿನಲ್ಲಾದರೆ ಗಾಳಿ ಅದನ್ನು ಒಯ್ದೀತು. ಇರಿಚಲು ಹೊಡೆಯಿತೆಂದು ಟಾರ್ಪಾಲು ಇಳಿಬಿಟ್ಟರೆ ಆವಿ ಒಳಗೇ ಉಳಿಯುತ್ತದೆ. ಅಲ್ಲಿ ಬೀಡಿ ಹಚ್ಚಿದರೆ ಬೆಂಕಿಯ ಭಯ ಬೇರೆ.

ಇದು ಬರಿಯ ಊಹೆಯಲ್ಲ. ಜಪಾನಿನಲ್ಲಿ 1960ರ ದಶಕದಲ್ಲಿ ಮನೆಗಳಲ್ಲಿ ಚಪ್ಪಲಿ ತಯಾರಿಸುತ್ತಿದ್ದವರ ಕೈಕಾಲು ಮರಗಟ್ಟಿ ಬಲಗುಂದಿದುದಕ್ಕೆ ಅಂಟಿನಲ್ಲಿದ್ದ ಹೆಕ್ಸೇನ್ ಕಾರಣವೆಂದು ಕಂಡುಬಂತು. ತುರ್ಕಿಯ ಇಸ್ತಾಂಬುಲ್‌ನಲ್ಲಿ ಬೆಂಜೀನ್ ಬೆರೆತ ಅಂಟು ಬಳಸುತ್ತಿದ್ದ 26 ಮಂದಿ ಪಾದರಕ್ಷೆ ಕೆಲಸಗಾರರಿಗೆ ರಕ್ತದ ಕ್ಯಾನ್ಸರು ತಗಲಿದುದನ್ನು ಡಾ. ಮುಜಫರ್ ಅಕ್ಸೋಯ್ ಅವರು 1974ರಲ್ಲಿ ವರದಿ ಮಾಡಿದರು.

ಮೂಗಿಗೆ ಬಟ್ಟೆ ಕಟ್ಟಿದರೆ ಧೂಳು ಅಲ್ಪಸ್ವಲ್ಪ ತಡೆದೀತು, ಆವಿ ತಡೆಯದು. ಮಳೆ ಬಂದರೂ ಟಾರ್ಪಾಲಿನ ಎರಡು ಬದಿಯಾದರೂ ತೆರೆದಿರಬೇಕು. ಅಂಟು ಬಳಿದ ಕೂಡಲೇ ಡಬ್ಬಿಯ ಮುಚ್ಚಳ ಹಾಕಬೇಕು, ಬೆರಳಿನ ಬದಲು ಬ್ರಶ್ಶು ಬಳಸಬೇಕು. ಕೈಗಂಟಿದುದನ್ನು ಪೆಟ್ರೋಲು, ತಿನ್ನರಿನಿಂದ ತೊಳೆಯುವ ಅಭ್ಯಾಸ ಕೆಟ್ಟದ್ದು; ತೆಂಗಿನೆಣ್ಣೆ ತಿಕ್ಕಿ ಸಾಬೂನು ಹಾಕಿದರೆ ಸಾಕು, ಎಣ್ಣೆಗೆ ನಮ್ಮಲ್ಲಿ ಬರಗಾಲವಿಲ್ಲವಷ್ಟೆ. ಪಾದ ಜುಮುಗುಟ್ಟುವುದು, ಕೈಯ ಹಿಡಿತ ಸಡಿಲಾಗುವುದು ಕಂಡರೆ ವಾತವೆಂದು ತೈಲ ಹಚ್ಚಿ ಕೂರದೆ ವೈದ್ಯರ ಬಳಿ ಹೋಗಬೇಕು. ತಾನು ಮಾಡುವ ಕೆಲಸ ಯಾವುದೆಂದು ಸಂಕೋಚವಿಲ್ಲದೆ ತಿಳಿಸಬೇಕು. ಕೇಳದ ವೈದ್ಯರಿಗೂ ಹೇಳಬೇಕು.

ಇನ್ನು ಡಬ್ಬಿಯ ಮೇಲಿನ ಎಚ್ಚರಿಕೆ. ಅದು ಇದ್ದರೂ ಬಹುಮಟ್ಟಿಗೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ತಂದೆಯ ಪಕ್ಕದಲ್ಲಿ ಕುಳಿತು ಡಬ್ಬಿ ಹಿಡಿಯುವ ಹುಡುಗ ಓದಿ ಹೇಳೋಣವೆಂದರೆ ಅವನು ನಮ್ಮ ಕನ್ನಡ ಶಾಲೆಯ ಐದನೆಯ ತರಗತಿಯವನು. ಆ ಹುಡುಗ ಅಲ್ಲಿ ಕೂರಲೇಬಾರದು ಎಂಬುದು ನಮ್ಮ ಮೊದಲ ಮಾತು. ಎರಡನೆಯದು ಪಂಚಾಯತು, ನಗರಸಭೆಗಳಿಗೆ ಮತ್ತು ಆರೋಗ್ಯ ಇಲಾಖೆಗೆ: ನಾಲ್ಕು ಸಾಲಿನ ಎಚ್ಚರಿಕೆಯನ್ನು ಮಲಯಾಳದೊಂದಿಗೆ ಕನ್ನಡದಲ್ಲಿಯೂ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿ, ಮಳೆ ಹಿಡಿಯುವ ಮೊದಲೇ ಅಂಟು ಮಾರುವ ಪ್ರತಿಯೊಂದು ಅಂಗಡಿಯ ಗೋಡೆಗೂ ಹಚ್ಚಿಸಬೇಕು.