ಒಡೆಯನಿಲ್ಲದ ಯಂತ್ರ, ನಿದ್ದೆಯಿಲ್ಲದ ಕಾವಲುಗಾರ

2024ರ ಜುಲೈ 31ರಂದು ಈ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಫೋನಿನಿಂದ ಹಣ ಕಳುಹಿಸಲಾಗದೆ ಕೈಕಟ್ಟಿ ಕೂರಬೇಕಾಯಿತು. ಅವು ಕೋಟ್ಯಧೀಶರ ಬ್ಯಾಂಕುಗಳಲ್ಲ. ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ದಿನಸಿ ಅಂಗಡಿಯವರೂ, ಕೂಲಿಯವರೂ ಖಾತೆ ಇಟ್ಟಿರುವಂಥವು. ಅವುಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸಂಸ್ಥೆಯೊಂದರ ಯಂತ್ರಗಳಿಗೆ, ಲೆಕ್ಕಪತ್ರಕ್ಕೆ ಬೀಗ ಜಡಿದು ಒತ್ತೆಹಣ ಕೇಳುವ ಕಳ್ಳರು ನುಗ್ಗಿದ್ದರು. ಕೇಡು ಹರಡದಿರಲೆಂದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆ ಸಂಸ್ಥೆಯ ಸಂಪರ್ಕವನ್ನೇ ಕಡಿದುಹಾಕಿತು. ಮರುದಿನ ಸಂಪರ್ಕ ಮರಳಿತು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಮರೆತೂ ಹೋಯಿತು.

ಇಂಥ ದಿನ ರಾತ್ರಿಯಿಡೀ ಕೂತು, ಯಂತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಮತ್ತೆ ನಡೆಯುವಂತೆ ಮಾಡುವವರು ಯಾರು? ಆ ಕಸುಬಿನಲ್ಲಿ ಅವರನ್ನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ಅಡ್ಮಿನ್. ಗಿರಣಿಯ ಮಾತಿನಲ್ಲಿ ಹೇಳುವುದಾದರೆ ಫಿಟ್ಟರನೂ ಅವನೇ, ರಾತ್ರಿಯ ಕಾವಲುಗಾರನೂ ಅವನೇ. ಹೆಣ್ಣುಮಕ್ಕಳೂ ಈ ಕೆಲಸದಲ್ಲಿ ಇದ್ದಾರೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಅಡ್ಮಿನ್ ಸಹ ಕಾರ್ಮಿಕನೇ. ಅವನ ದುಡಿಮೆಯ ಗಂಟೆಗಳನ್ನು ಲೆಕ್ಕಕ್ಕೆ ತರುವ ಹೋರಾಟ ಗಿರಣಿ ಕಾರ್ಮಿಕರು ಹಿಂದೆ ನಡೆಸಿದ ಹೋರಾಟದ ಮುಂದುವರಿಕೆ.

ಅವನು ಮಾಡುವ ಕೆಲಸವೇನೆಂದು ತಿಳಿದುಕೊಳ್ಳೋಣ. ಬ್ಯಾಂಕಿನ, ಆಸ್ಪತ್ರೆಯ, ರೈಲು ಟಿಕೆಟ್ಟಿನ ಲೆಕ್ಕವೆಲ್ಲ ಈಗ ಸರ್ವರ್ ಎಂಬ ಕಂಪ್ಯೂಟರುಗಳಲ್ಲಿದೆ. ಅವು ಹಗಲಿರುಳು ನಿಲ್ಲದೆ ನಡೆಯಬೇಕು. ಡಿಸ್ಕಿನಲ್ಲಿ ಜಾಗ ಮುಗಿದರೆ ಕೆಲಸ ನಿಲ್ಲುತ್ತದೆ. ಮುಗಿಯುವ ಮೊದಲೇ ಕಂಡು ತೆರವು ಮಾಡಬೇಕು. ಕನ್ನ ಹಾಕುವವರಿಗೆ ದಾರಿಯಾಗುವ ಬಿರುಕು ಕಂಡುಬಂದರೆ, ಜನರ ಬಳಕೆ ಕಡಿಮೆಯಿರುವ ರಾತ್ರಿ ಎರಡು ಗಂಟೆಗೆ ಎದ್ದು ಅದನ್ನು ಮುಚ್ಚಬೇಕು. ಎಲ್ಲ ಲೆಕ್ಕದ ನಕಲನ್ನು ಬೇರೆಡೆ ತೆಗೆದಿಡಬೇಕು. ಆ ನಕಲಿನಿಂದ ಲೆಕ್ಕ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಬೇಕಾದಾಗ ತೆರೆಯದ ನಕಲು ಇಲಿ ತಿಂದ ಖಾತೆ ಪುಸ್ತಕಕ್ಕೆ ಸಮ ಎಂಬುದನ್ನು ವ್ಯಾಪಾರಿ ಬಂಧುಗಳಿಗೆ ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಮಾಡಿದರೂ ಅವನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ‘ನೀನು ಮಾಡುವುದಾದರೂ ಏನು?’ ಎಂದು ಮೇಲಿನವರು ಕೇಳುತ್ತಾರೆ. ಏನಾದರೂ ಕೆಟ್ಟರೆ ಅದೇ ಪ್ರಶ್ನೆಯನ್ನು ಕೂಗಿ ಕೇಳುತ್ತಾರೆ. ಇದು ಆ ಕಸುಬಿನವರೆಲ್ಲರ ದೂರು. 2000ನೆಯ ಇಸವಿಯಿಂದ ಜುಲೈ ತಿಂಗಳ ಕೊನೆಯ ಶುಕ್ರವಾರವನ್ನು ಅಡ್ಮಿನ್‌ಗಳಿಗೆ ಕೃತಜ್ಞತೆ ಹೇಳುವ ದಿನವೆಂದು ಆಚರಿಸುವ ರೂಢಿಯಿದೆ. ಒಳ್ಳೆಯದೇ. ಆದರೆ ಕೃತಜ್ಞತೆಯಿಂದ ಕಣ್ಣಿನ ನಿದ್ದೆ ತುಂಬುವುದಿಲ್ಲ.

ಇನ್ನು ಅವನು ಕಾಯುವ ಯಂತ್ರದ ವಿಷಯ. ಕಂಪ್ಯೂಟರಿನೊಳಗೆ ಯಾವ ಕೆಲಸ ಯಾವಾಗ ನಡೆಯಬೇಕೆಂದು ಹಂಚಿಕೊಡುವ ಮೂಲ ವ್ಯವಸ್ಥೆ ಒಂದಿರುತ್ತದೆ. ಗಿರಣಿಯ ಖಾತೆಯಲ್ಲಿ ಜಾಬರ್ ಇದ್ದ ಹಾಗೆ. ಲಿನಕ್ಸ್ ಅಂಥದೊಂದು ವ್ಯವಸ್ಥೆ. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದರ ತಿರುಳನ್ನು ಬರೆದು, ಯಾರು ಬೇಕಾದರೂ ನೋಡಿ ತಿದ್ದಿ ಎಂದು ಜಗತ್ತಿನ ಮುಂದಿಟ್ಟ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಇಂಥ ವಿದ್ಯೆ ಎಲ್ಲರ ಸೊತ್ತಾಗಿರಬೇಕೆಂದು ಚಳವಳಿ ಆರಂಭಿಸಿದ್ದ. ಆತ ರೂಪಿಸಿದ ಪರವಾನಗಿಯ ಷರತ್ತು ಸರಳವಾದದ್ದು: ಬಳಸು, ತಿದ್ದು, ಹಂಚು, ಆದರೆ ತಿದ್ದಿ ಹಂಚಿದರೆ ನಿನ್ನ ತಿದ್ದುಪಡಿಯನ್ನೂ ಇತರರಿಗೆ ತೆರೆದಿಡು. 1992ರಲ್ಲಿ ಲಿನಕ್ಸ್ ಈ ಪರವಾನಗಿಯ ಅಡಿಗೆ ಬಂತು. ಊರ ಕೆರೆಯ ನೀರು ಎಲ್ಲರಿಗೂ ಸೇರಿದ್ದು, ಹೂಳೆತ್ತುವ ಹೊಣೆಯೂ ಎಲ್ಲರದು ಎಂಬ ನಮ್ಮ ಹಿರಿಯರ ನೀತಿಯೇ ಇದು.

ಒಡೆಯನಿಲ್ಲದ್ದು ಉದ್ಧಾರವಾಗುವುದಿಲ್ಲ ಎಂದು ಖಾಸಗಿ ಬಂಡವಾಳದ ವಕೀಲರು ಹೇಳುತ್ತಲೇ ಬಂದಿದ್ದಾರೆ. ಆದರೆ 2017ರ ನವೆಂಬರಿನ ಪಟ್ಟಿಯಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳೂ ಲಿನಕ್ಸಿನ ಮೇಲೆಯೇ ನಡೆಯುತ್ತಿವೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಸಮಾಜದ ಒಡೆತನ ಸೋಮಾರಿತನಕ್ಕೆ ದಾರಿ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಹಾಗೆಂದು ಲಿನಕ್ಸಿನಿಂದಲೇ ಸಮಾಜವಾದ ಬಂದುಬಿಟ್ಟಿತೆಂದು ನಾವು ಹೇಳುವುದಿಲ್ಲ. ಈಗ ಅದರ ತಿರುಳಿನ ಕೆಲಸದ ಬಹುಪಾಲನ್ನು ದೊಡ್ಡ ಕಂಪನಿಗಳ ಸಂಬಳದವರೇ ಮಾಡುತ್ತಾರೆ. ಆ ಕಂಪನಿಗಳ ಲಾಭಕ್ಕೆ ಅದು ಬೇಕು. ಲಾಭಕ್ಕೆ ಅಡ್ಡ ಬಂದಾಗ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿಯನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರಿಗೆ ಕೊಂಡಿತು. ದುಡ್ಡಿಲ್ಲದವರು ಪುಕ್ಕಟೆಯಾಗಿ ಬಳಸುತ್ತಿದ್ದ ಸೆಂಟೋಸ್ 8 ಎಂಬ ಲಿನಕ್ಸಿಗೆ 2029ರ ವರೆಗೆ ಆಸರೆ ಇರುವುದೆಂದು ಎಲ್ಲರೂ ನಂಬಿದ್ದರು. ಅದನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ರೆಡ್ ಹ್ಯಾಟ್ ಸಾರಿತು. ಅದನ್ನು ನೆಚ್ಚಿಕೊಂಡಿದ್ದ ಅಡ್ಮಿನ್‌ಗಳು ಒಂದೇ ವರ್ಷದಲ್ಲಿ ಸರ್ವರುಗಳನ್ನೆಲ್ಲ ಬೇರೆಡೆಗೆ ಸಾಗಿಸಬೇಕಾಯಿತು. ಆದರೆ ಸೊತ್ತು ಸಾರ್ವಜನಿಕವಾಗಿದ್ದುದರಿಂದ ಕಂಪನಿಯ ಆಟ ಪೂರ್ತಿ ನಡೆಯಲಿಲ್ಲ. 2021ರಲ್ಲೇ ಆಲ್ಮಾ, ರಾಕಿ ಎಂಬ ಎರಡು ಹೊಸ ಲಿನಕ್ಸುಗಳು ಅದೇ ಬುನಾದಿಯ ಮೇಲೆ ಎದ್ದು ನಿಂತವು.

ಯಂತ್ರಕ್ಕೆ ಒಡೆಯನಿಲ್ಲ, ಸರಿ. ಅದನ್ನು ಕಾಯುವವನಿಗೆ ಒಡೆಯನಿದ್ದಾನೆ. ನಮ್ಮ ತಕರಾರು ಇರುವುದು ಇಲ್ಲಿ. ಬೆಂಗಳೂರಿನ ಎಷ್ಟೋ ಅಡ್ಮಿನ್‌ಗಳು ಕಾಯುವುದು ಅಮೆರಿಕದ ಕಂಪನಿಗಳ ಸರ್ವರುಗಳನ್ನು. ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಪಾಳಿಯಲ್ಲಿ ಕೂತು ಮಾಡುವ ಕೆಲಸವಾದರೆ ಗಂಟೆಯ ಲೆಕ್ಕವಾದರೂ ಸಿಕ್ಕೀತು. ಅದರ ಮೇಲೆ ಆನ್‌ಕಾಲ್ ಎಂಬ ಇನ್ನೊಂದು ಪದ್ಧತಿಯಿದೆ. ಸರದಿ ಬಂದ ವಾರ ಫೋನು ತಲೆದಿಂಬಿನ ಪಕ್ಕದಲ್ಲೇ ಇರಬೇಕು. ಮದುವೆ ಮನೆಗೆ ಹೋದರೂ ಕಂಪ್ಯೂಟರ್ ಹೆಗಲಿಗೆ ನೇತು ಹಾಕಿಕೊಂಡೇ ಹೋಗಬೇಕು. ಮೂರು ಗಂಟೆಗೆ ಫೋನು ಕೂಗಿದರೆ ಎದ್ದು, ಐದಕ್ಕೆ ಕೆಲಸ ಮುಗಿಸಿ, ಒಂಬತ್ತಕ್ಕೆ ಮತ್ತೆ ಹಾಜರಿ. ಗಿರಣಿಯ ಕೂಗು ಆದ ಮೇಲೆ ಕಾರ್ಮಿಕ ಮನೆಗೆ ಹೋಗುತ್ತಿದ್ದ. ಇವನ ಮನೆಗೆ ಕೂಗೇ ಬರುತ್ತದೆ. ಎಷ್ಟೋ ಕಂಪನಿಗಳಲ್ಲಿ ಈ ಕಾಯುವ ಗಂಟೆಗಳಿಗೆ ಒಂದು ಕಾಸೂ ಇಲ್ಲ.

ದಣಿದ ಕಣ್ಣಿನ ಬೆಲೆ ಏನೆಂಬುದನ್ನು 2024ರ ಮಾರ್ಚಿನ ಘಟನೆ ತೋರಿಸಿಕೊಟ್ಟಿತು. ಎಕ್ಸ್‌ಝಡ್ ಎಂಬ ಸಣ್ಣ ಉಪಕರಣವೊಂದು ಬಹುತೇಕ ಲಿನಕ್ಸ್ ಸರ್ವರುಗಳಲ್ಲಿ ಇರುತ್ತದೆ. ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದವನು ಒಬ್ಬನೇ, ಅವನೂ ದಣಿದಿದ್ದ. ಸಹಾಯಕನ ವೇಷದಲ್ಲಿ ಬಂದವನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ತನ್ನ ಯಂತ್ರದ ಒಳಹೋಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಸಂಶಯಪಟ್ಟು ಬೆನ್ನುಹತ್ತಿದ್ದರಿಂದ ಗುಟ್ಟು ಬಯಲಾಯಿತು. ಜಗತ್ತಿನ ಲೆಕ್ಕಪತ್ರವೆಲ್ಲ ಅರ್ಧ ಸೆಕೆಂಡನ್ನು ಗಮನಿಸಿದ ಒಬ್ಬನ ಎಚ್ಚರದಿಂದ ಉಳಿಯಿತು. ನಾಲ್ಕು ರಾತ್ರಿ ನಿದ್ದೆಗೆಟ್ಟವನಿಗೆ ಆ ಅರ್ಧ ಸೆಕೆಂಡು ಕಂಡೀತೆ?

ಕಾಯಿದೆ ಇಲ್ಲವೇ ಎಂದು ಕೇಳಬಹುದು. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಮೀರಿದ ಗಂಟೆಗೆ ಇಮ್ಮಡಿ ಕೂಲಿ ಎಂದಿತು. ಹಾಗಿದ್ದರೂ 2024ರ ಜುಲೈನಲ್ಲಿ, ಐಟಿ ನೌಕರರಿಂದ ದಿನಕ್ಕೆ 12 ಗಂಟೆಗೂ ಮಿಕ್ಕಿ ದುಡಿಸಿಕೊಳ್ಳಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾಪ ರಾಜ್ಯ ಸರ್ಕಾರದ ಮುಂದೆ ಬಂತು. ಉದ್ಯಮದವರ ಒತ್ತಡವಿದೆಯೆಂದು ಕಾರ್ಮಿಕ ಸಚಿವರೇ ಒಪ್ಪಿಕೊಂಡರು. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಬೀದಿಗಿಳಿದು ಪ್ರತಿಭಟಿಸಿತು. ಒಂದು ಶತಮಾನ ಹೋರಾಡಿ ಕಾರ್ಮಿಕರು ಇಳಿಸಿದ ಗಂಟೆಗಳನ್ನು ಏರಿಸಲು ಹೊರಟವರಿಗೆ ಪ್ರಗತಿ ಎಂಬ ಪದ ಮಾತ್ರ ನೆನಪಿದೆ, ಅರ್ಥ ಮರೆತಿದೆ.

‘ಲಕ್ಷಗಟ್ಟಲೆ ಸಂಬಳ ತೆಗೆದುಕೊಳ್ಳುವವರ ಕಷ್ಟ ನಮಗೇಕೆ?’ ಎಂಬ ಮಾತು ನಮ್ಮ ಸಭೆಗಳಲ್ಲೇ ಕೇಳಿಬರುತ್ತದೆ. ಇದಕ್ಕೆ ನಮ್ಮ ಉತ್ತರ ಮೂರು. ಮೊದಲನೆಯದು, ಎಲ್ಲ ಅಡ್ಮಿನ್‌ಗಳ ಸಂಬಳ ಲಕ್ಷದ್ದಲ್ಲ. ಗುತ್ತಿಗೆಯ ಮೇಲೆ ವರ್ಷದಿಂದ ವರ್ಷಕ್ಕೆ ತಳ್ಳಲ್ಪಡುವವರು ಬಹಳ ಮಂದಿ, ಗಿರಣಿಯ ಬದಲಿ ಕಾರ್ಮಿಕರ ಹಾಗೆ. ಎರಡನೆಯದು, ಕೂಲಿ ಹೆಚ್ಚಿದ ಮಾತ್ರಕ್ಕೆ ಕಾರ್ಮಿಕ ಮಾಲೀಕನಾಗುವುದಿಲ್ಲ. ನಾಳೆ ಬೆಳಿಗ್ಗೆ ಕೆಲಸದಿಂದ ತೆಗೆದರೆ ಅವನ ಕೈಯಲ್ಲಿ ಉಳಿಯುವುದು ಮನೆಯ ಸಾಲ ಮಾತ್ರ. ಮೂರನೆಯದು, ಓದಿದವನಿಂದ ಹನ್ನೆರಡು ಗಂಟೆ ದುಡಿಸಿಕೊಳ್ಳುವುದು ನ್ಯಾಯವಾದರೆ, ಓದದವನಿಂದ ಹದಿನಾಲ್ಕು ಗಂಟೆ ದುಡಿಸುವುದಕ್ಕೆ ತಡೆ ಎಲ್ಲಿದೆ?

1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಬೊಂಬಾಯಿಯ ಗಿರಣಿ ಕಾರ್ಮಿಕರನ್ನು ಒಟ್ಟುಗೂಡಿಸಿ ವಾರಕ್ಕೊಂದು ರಜೆ ಕೇಳಿದಾಗ, ಮಾಲೀಕರು ಒಪ್ಪಲಿಲ್ಲ. 1890ರಲ್ಲಿ ಭಾನುವಾರದ ರಜೆ ಬಂತು, ಗಿರಣಿಗಳು ಮುಚ್ಚಲಿಲ್ಲ. ಕೆಲಸ ಮುಗಿದ ಮೇಲೆ ಕಚೇರಿಯ ಕರೆಗೆ ಓಗೊಡದಿರುವ ಹಕ್ಕನ್ನು 2017ರಲ್ಲಿ ಫ್ರಾನ್ಸೂ, 2024ರಲ್ಲಿ ಆಸ್ಟ್ರೇಲಿಯವೂ ಕಾನೂನಿನಲ್ಲಿ ಜಾರಿಗೆ ತಂದವು. ಅಲ್ಲಿಯೂ ಸರ್ವರುಗಳು ನಡೆಯುತ್ತಿವೆ.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಆನ್‌ಕಾಲ್ ಗಂಟೆಗಳು ಹಾಜರಿ ಪುಸ್ತಕಕ್ಕೆ ಏರಬೇಕು. ಕಾದ ಹೊತ್ತಿಗೆ ಭತ್ಯೆ, ಎದ್ದು ದುಡಿದ ಹೊತ್ತಿಗೆ ಇಮ್ಮಡಿ ಕೂಲಿ, ಮರುದಿನ ವಿಶ್ರಾಂತಿ ಕೊಡಬೇಕು. ಒಬ್ಬನ ತಲೆಯ ಮೇಲೆ ಹೊರಿಸದೆ, ಸರದಿಗೆ ಸಾಕಷ್ಟು ಜನರನ್ನು ನೇಮಿಸಬೇಕು. ಸರ್ಕಾರಿ ಕಚೇರಿಗಳೂ ಶಾಲೆಗಳೂ, ಕೇರಳದ ಶಾಲೆಗಳು ಮಾಡಿರುವಂತೆ, ಎಲ್ಲರ ಸೊತ್ತಾದ ಲಿನಕ್ಸನ್ನು ಬಳಸಲಿ. ಪರವಾನಗಿಗೆ ಕೊಡದೆ ಉಳಿದ ಹಣದಲ್ಲಿ ಪ್ರತಿ ಜಿಲ್ಲೆಯಲ್ಲೂ ಖಾಯಂ ಅಡ್ಮಿನ್ ಹುದ್ದೆಗಳನ್ನು ತೆರೆಯಲಿ. ನಮ್ಮ ಊರಿನ ಹುಡುಗ ಹುಡುಗಿಯರು ಆ ವಿದ್ಯೆ ಕಲಿತು ಇಲ್ಲಿಯೇ ದುಡಿಯಲಿ.

ಈ ಊರಿನ ಎಷ್ಟು ಗಿರಣಿ ಕಾರ್ಮಿಕರ ಮಕ್ಕಳು ಇಂದು ಬೆಂಗಳೂರಿನಲ್ಲಿ ಈ ರಾತ್ರಿ ಪಾಳಿ ಮಾಡುತ್ತಿದ್ದಾರೆಂಬುದು ಓದುಗರಿಗೇ ಗೊತ್ತು. ಹಬ್ಬಕ್ಕೆ ಊರಿಗೆ ಬಂದಾಗ ಅವರನ್ನು ಸಂಬಳ ಎಷ್ಟು ಎಂದು ಕೇಳುತ್ತೇವೆ. ಈ ಸಲ ಗಂಟೆ ಎಷ್ಟು ಎಂದು ಕೇಳಿರಿ. ಸಂಘಕ್ಕೆ ಸೇರಿದ್ದೀಯಾ ಎಂದೂ ಕೇಳಿರಿ.