ಹಳೆಮನೆಯ ತೊಲೆ, ಮರಗೆಲಸದ ಮೇಜು

ಕುಮಟೆಯ ಬಾಡದಲ್ಲಿಯೂ ಹೊನ್ನಾವರ, ಭಟ್ಕಳಗಳ ಕಡೆಯಲ್ಲಿಯೂ ಹಂಚಿನ ಮನೆಗಳುರುಳಿ ಕಾಂಕ್ರೀಟಿನ ಸೌಧಗಳೇಳುತ್ತಿರುವ ಈ ಕಾಲದಲ್ಲಿ, ದಶಕಗಳ ಕಾಲ ಒಣಗಿ ಪಕ್ವವಾದ ಹಲಸು, ಮತ್ತಿಯ ತೊಲೆಗಳು ಸೌದೆಯಾಗಿ ಒಲೆ ಸೇರುವುದು ಅತ್ಯಂತ ವಿಷಾದಕರವಾದುದು. ಮರಗೆಲಸಕ್ಕೆ ತೊಡಗುವ ಬಡ ತರುಣನಿಗೆ ಅಂತಹ ತೊಲೆಯಿಂದ ಮಾಡಿದ ಮೇಜಿಗಿಂತ ಅಗ್ಗವೂ ದೃಢವೂ ಆದುದು ಬೇರೊಂದಿಲ್ಲ. ಭಾರವೇ ಅದರ ಮುಖ್ಯ ಗುಣ. ಉಜ್ಜುಗೊರಡು ತಳ್ಳುವಾಗ ಮೇಜು ಸರಿದರೆ ತೋಳಿನ ಶ್ರಮವೆಲ್ಲ ವ್ಯರ್ಥ. ಮೊದಲು ಹಳೆಯ ಮೊಳೆಗಳನ್ನೆಲ್ಲ ಕೀಳತಕ್ಕದ್ದು, ಇಲ್ಲವಾದರೆ ಗೊರಡಿನ ಅಲಗು ಮುಕ್ಕಾದೀತು. ಕಾಲುಗಳನ್ನು ತುಸು ಹೊರಚಾಚುವಂತೆ ತೊಲೆಯ ರಂಧ್ರಗಳಲ್ಲಿ ಕೂಡಿಸಿ, ಮೇಲಿನಿಂದ ಬೆಣೆ ಹೊಡೆದರೆ ಸಾಕು. ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿಯುವ ತಿರುಪುಮೊಳೆಗಳಿಗೆ ಹಣ ತೆರಬೇಕಾದುದಿಲ್ಲ. ಮನೆ ಕೆಡಹುವವರು ಸೌದೆಯ ಬೆಲೆಗೇ ಒಂದು ತೊಲೆಯನ್ನು, ಆಚಾರಿಯ ಕೈಕೆಳಗೆ ಕಲಿಯುತ್ತಿರುವ ಊರ ಹುಡುಗನಿಗೆ ಕೊಡಲೆಂದು ನನ್ನ ವಿನಂತಿ.