ದಪ್ಪ ಆಗಿದ್ದು ಅನ್ನದಿಂದಲ್ಲ

"ಏನಪ್ಪಾ, ನ್ಯೂಜಿಲೆಂಡ್ ಹಾಲು-ತುಪ್ಪ ಚೆನ್ನಾಗಿ ಮೈಗೆ ಹಿಡಿದ ಹಾಗಿದೆ!"

ನಮ್ಮವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರತ್ತೆ. ಪ್ರೀತಿಯಿಂದಲೇ ಹೇಳೋದು, ಅನುಮಾನ ಬೇಡ. ಆದ್ರೆ ಹಾಗೆ ಅನ್ನಿಸಿಕೊಂಡವರು ಸ್ಕಿಜೋಫ್ರೇನಿಯಾಕ್ಕೋ ಬೈಪೋಲಾರ್‌ಗೋ ಗುಳಿಗೆ ತಗೊಳ್ತಾ ಇದ್ರೆ? ಕಾರಣ ಹೇಳೋ ಹಾಗಿಲ್ಲ, ನಕ್ಕು ಸುಮ್ಮನಾಗ್ತಾರೆ. ಆಮೇಲೆ ಮನೇಲಿ ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿಬಿಡೋರೂ ಇದ್ದಾರೆ. ಹಾಗೆ ನಿಲ್ಲಿಸಿದ್ರೆ ಕಾಯಿಲೆ ಮರುಕಳಿಸೋ ಸಾಧ್ಯತೆ ಬಹಳ. ತಮಾಷೆ ಮಾಡಿದವರಿಗೆ ಇದ್ಯಾವುದೂ ಗೊತ್ತಾಗೋದೇ ಇಲ್ಲ.

ಈ ಗುಳಿಗೆಗಳಲ್ಲಿ ತೂಕ ಏರಿಸೋದರಲ್ಲಿ ಮೊದಲ ಸಾಲು ಕ್ಲೋಜಪಿನ್, ಒಲಾಂಜಪಿನ್‌ಗೆ. ಕ್ವೆಟಿಯಾಪಿನ್, ರಿಸ್ಪೆರಿಡೋನ್ ಅವುಗಳ ಹಿಂದೆ. ಬೈಪೋಲಾರ್‌ಗೆ ಕೊಡೋ ವಾಲ್ಪ್ರೊಯೇಟ್, ಲಿಥಿಯಂ ಕೂಡ ಕಮ್ಮಿಯೇನಲ್ಲ. ಮಿದುಳಿನಲ್ಲಿ ಹಿಸ್ಟಮಿನ್, ಸೆರೊಟೊನಿನ್ ಕೆಲಸ ಮಾಡೋ ಕೆಲವು ಜಾಗಗಳನ್ನ ಕ್ಲೋಜಪಿನ್, ಒಲಾಂಜಪಿನ್‌ನಂಥವು ಮುಚ್ಚಿಬಿಡ್ತವೆ. ಆಗ 'ಹೊಟ್ಟೆ ತುಂಬ್ತು, ಸಾಕು' ಅನ್ನೋ ಸಂದೇಶ ಸರಿಯಾಗಿ ಬರೋದೇ ಇಲ್ಲ. ಊಟ ಮಾಡಿ ಕೈ ತೊಳೆದ ಅರ್ಧ ಗಂಟೆಗೆ ಮತ್ತೆ ಹಸಿವು, ಅದೂ ನಿಜವಾದ ಹಸಿವು. ಕೆಲವರಿಗೆ ತೂಕ ಅಷ್ಟೇನೂ ಏರದೆಯೇ ಸಕ್ಕರೆ, ಕೊಬ್ಬಿನ ಲೆಕ್ಕ ತಪ್ಪತ್ತೆ.

ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಕೇಟೀ ಅನ್ನೋ ದೊಡ್ಡ ಅಧ್ಯಯನದಲ್ಲಿ ಒಲಾಂಜಪಿನ್ ತಗೊಂಡವರ ತೂಕ ಸರಾಸರಿ ತಿಂಗಳಿಗೆ 900 ಗ್ರಾಂ ಏರಿತ್ತು. ನೂರರಲ್ಲಿ 30 ಜನರಿಗೆ ಮೈತೂಕದ ಶೇಕಡಾ 7ಕ್ಕಿಂತ ಜಾಸ್ತಿ. ಅಂದ್ರೆ 70 ಕೆಜಿ ಇದ್ದವರಿಗೆ ಐದು ಕೆಜಿ ಸಮೀಪ. ಇದು ಸೋಮಾರಿತನದ ಲೆಕ್ಕ ಅಲ್ಲ.

ನನ್ನ ತಕರಾರು ಇರೋದು ಔಷಧದ ಮೇಲಲ್ಲ. ಕ್ಲೋಜಪಿನ್ ಬೇರೆ ಯಾವ ಗುಳಿಗೆಗೂ ಬಗ್ಗದ ಕಾಯಿಲೆಗೆ ಕೊಡೋದು. ಅದರಿಂದ ಮತ್ತೆ ಮನುಷ್ಯರಾದವರು ಎಷ್ಟೋ ಮಂದಿ. ತಕರಾರು, ಅಳೆಯದೇ ಕೊಡೋದರ ಮೇಲೆ. ಸರ್ವರ್ ಮೇಲೆ ಹೊಸದೇನಾದ್ರೂ ಹಾಕಿದ್ರೆ ನಾವು ರಾತ್ರಿಯೆಲ್ಲ ಗ್ರಾಫ್ ನೋಡ್ತಾ ಕೂರ್ತೀವಿ. ಮನುಷ್ಯನ ಮೈಗೆ ಹಾಕಿದಾಗ ನೋಡೋದು ಬೇಡ್ವಾ? ಅಮೆರಿಕದ ಮಧುಮೇಹ ಮತ್ತು ಮನೋವೈದ್ಯರ ಸಂಘಗಳು 2004ರಲ್ಲೇ ಹೇಳಿದ್ದವು: ಶುರು ಮಾಡೋ ಮೊದಲು ತೂಕ, ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ, ಕೊಬ್ಬು ನೋಡಿ, 4, 8, 12ನೇ ವಾರ ಮತ್ತೆ ತೂಕ, 12ನೇ ವಾರಕ್ಕೆ ರಕ್ತಪರೀಕ್ಷೆ. ಊರಲ್ಲಿ ನೋಡಿದ್ರೆ ದೊಡ್ಡ ಡಾಕ್ಟರು ಒಮ್ಮೆ ಬರೆದುಕೊಟ್ಟ ಚೀಟಿ ಹಿಡ್ಕೊಂಡು ವರ್ಷಗಟ್ಟಲೆ ಮೆಡಿಕಲ್ ಶಾಪಿನಲ್ಲಿ ಅದೇ ಗುಳಿಗೆ ತರ್ತಾರೆ. ಟೇಪು ಹಿಡಿಯೋರು ಯಾರು?

ನಮ್ಮ ಮೈಕಟ್ಟಿನದು ಬೇರೆ ಕಥೆ. ಸಣ್ಣಗಿದ್ರೂ ಹೊಟ್ಟೆ ಮುಂದೆ, ಸಕ್ಕರೆ ಬೇಗ. ಅದಕ್ಕೇ ದಕ್ಷಿಣ ಏಷ್ಯಾದ ಗಂಡಸರಿಗೆ ಸೊಂಟದ ಮಿತಿ 90 ಸೆಂಟಿಮೀಟರ್, ಹೆಂಗಸರಿಗೆ 80. ನ್ಯೂಜಿಲೆಂಡ್ ಆರೋಗ್ಯ ಇಲಾಖೆಯ 2018ರ ಮಾರ್ಗಸೂಚಿಯಲ್ಲಿ ಹೃದಯದ ಅಪಾಯ ಲೆಕ್ಕ ಹಾಕಲು ಶುರು ಮಾಡೋ ವಯಸ್ಸು ಸಾಮಾನ್ಯವಾಗಿ ಗಂಡಸರಿಗೆ 45, ಹೆಂಗಸರಿಗೆ 55. ನಮ್ಮಂಥ ದಕ್ಷಿಣ ಏಷ್ಯಾದವರಿಗೆ 30 ಮತ್ತು 40. ತೀವ್ರ ಮನೋರೋಗ ಇದ್ರೆ ಯಾರಿಗಾದ್ರೂ 25! ಹೆಂಡರ್ಸನ್ನಿನಲ್ಲಿ ಗುಳಿಗೆ ನುಂಗ್ತಿರೋ 26ರ ಕನ್ನಡದ ಹುಡುಗನಿಗೆ ಇದು ಗೊತ್ತಿರಬೇಕು ತಾನೇ? ಅವನಿಗೆ ಸಿಗೋದು "ಬೆಳಿಗ್ಗೆ ಎದ್ದು ವಾಕಿಂಗ್ ಹೋಗೋ" ಅನ್ನೋ ಉಪದೇಶ. ಇಲ್ಲಿ ಒಪಾನುಕು ತೊರೆಯ ಪಕ್ಕ ನಡೆಯೋಕೆ ಒಳ್ಳೇ ದಾರಿ ಇದೆ, ನಾನೂ ಹೋಗ್ತೀನಿ. ಆದ್ರೆ ಗುಳಿಗೆಯ ಮಂಪರು ಇಳಿಯೋದೇ ಹತ್ತು ಗಂಟೆಗೆ ಅಂದ್ರೆ ಬೆಳಗಿನ ವಾಕಿಂಗ್ ಎಲ್ಲಿಂದ ಬಂತು ಮಾರಾಯ್ರೆ!

ದಾರಿಗಳು ಇವೆ. ತೂಕ ಕಮ್ಮಿ ಏರಿಸೋ ಅರಿಪಿಪ್ರಜೋಲ್‌ನಂಥದ್ದಕ್ಕೆ ಕೆಲವರನ್ನ ಬದಲಾಯಿಸಬಹುದು. ಮೆಟ್‌ಫಾರ್ಮಿನ್ ಜೊತೆಗೆ ಕೊಟ್ರೆ ಏರಿಕೆ ಸ್ವಲ್ಪ ತಡೆಯತ್ತೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇದೆ. ಎರಡೂ ಡಾಕ್ಟರ ನಿರ್ಧಾರವೇ, ನಾವೇ ಗುಳಿಗೆ ಮುರಿದು ಅರ್ಧ ಮಾಡೋದಲ್ಲ. ಆದ್ರೆ ಅವರು ಕೇಳದಿದ್ರೆ ನಾವಾದ್ರೂ ಕೇಳಬೇಕು. ಇಲ್ಲಿ ಜಿಪಿ ಹತ್ರ ಹೋದಾಗ ಸೊಂಟ ಅಳೆಸಿಕೊಳ್ಳಿ. ಕೊಲೆಸ್ಟರಾಲ್, ಎಚ್‌ಬಿಎ1ಸಿ ಪರೀಕ್ಷೆಗೆ ಬರೆಸಿಕೊಳ್ಳಿ. ಎಚ್‌ಬಿಎ1ಸಿಗೆ ಉಪವಾಸ ಕೂಡ ಬೇಕಿಲ್ಲ. ಮನೆಯವರೊಬ್ಬರು ಜೊತೆಗೆ ಹೋದ್ರೆ ಒಳ್ಳೇದು. ಆ ಮಂಪರಿನಲ್ಲಿ ಏನು ಕೇಳೋಕೆ ಬಂದಿದ್ದು ಅನ್ನೋದೇ ಮರೆತುಹೋಗತ್ತಂತೆ.